ಓದು ಒಂದು ಕಡೆ, ಕೊಳ್ಳುವುದು ಒಂದು ಕಡೆ



ಪುಸ್ತಕದ ಬಗ್ಗೆ ನಮ್ಮೂರು ದಾವಣಗೆರೆಯಲ್ಲಿ ಯಾರೇ ಮಾತಾಡಲಿ, ಎರಡನೆಯ ನಿಮಿಷಕ್ಕೆ ಬೆಣ್ಣೆ ದೋಸೆ ಬಂದೇ ಬರುತ್ತದೆ. ದೋಸೆಗೆ ದುಡ್ಡಿದೆ, ಪುಸ್ತಕಕ್ಕೆ ಇಲ್ಲ ಎಂದು ಭಾಷಣಕಾರರು ಗದರುತ್ತಾರೆ. ಕೇಳುವವರು ನಗುತ್ತಾರೆ, ಆಮೇಲೆ ಎದ್ದು ಹೋಗಿ ದೋಸೆ ತಿನ್ನುತ್ತಾರೆ. ಇವತ್ತು ನಾನು ದೋಸೆಯ ಪರವಾಗಿ ವಕಾಲತ್ತು ಹಾಕುತ್ತೇನೆ. ದಾವಣಗೆರೆಯಲ್ಲಿ ದೋಸೆಯನ್ನು ಯಾರೂ ಹುಡುಕಬೇಕಾಗಿಲ್ಲ. ಹಸಿದವನು ಎರಡು ಬೀದಿ ದಾಟುವಷ್ಟರಲ್ಲಿ ಕಾವಲಿಯ ಸದ್ದು ಕೇಳಿಸುತ್ತದೆ, ಬಿಸಿಯಾಗಿ ಎಲೆಗೆ ಬೀಳುತ್ತದೆ, ಬೆಲೆ ಬಾಯಿಪಾಠ ಇರುತ್ತದೆ. ಪುಸ್ತಕ ಹಾಗೆ ಎದುರಿಗೆ ಬಂದು ನಿಂತಾಗಲೂ ಜನ ಮುಖ ತಿರುಗಿಸಿದ್ದರೆ ಅವರನ್ನು ಬೈಯಬಹುದಿತ್ತು. ಹಾಗೆ ಬಂದು ನಿಂತದ್ದು ಯಾವಾಗ, ತಂದು ನಿಲ್ಲಿಸಿದವರು ಯಾರು ಎಂಬುದೇ ನನ್ನ ವಿಷಯ.

ಜನ ಪುಸ್ತಕ ಕೊಳ್ಳುತ್ತಿಲ್ಲ, ಆದ್ದರಿಂದ ಓದುತ್ತಿಲ್ಲ ಎನ್ನುತ್ತೇವೆ. ಈ 'ಆದ್ದರಿಂದ'ವನ್ನು ನಾನು ಒಪ್ಪುವುದಿಲ್ಲ. ಈ ಸೀಮೆಯಲ್ಲಿ ಓದುವ ರೂಢಿ ಹಳೆಯದು, ಕೊಳ್ಳುವ ರೂಢಿ ಎಳೆಯದು. ಎರಡೂ ಒಟ್ಟಿಗೆ ಬೆಳೆದವಲ್ಲ. ಒಂದು ತಲೆಮಾರಿನ ಹಿಂದೆ ನಮ್ಮ ಮನೆಗಳಲ್ಲಿ ಎಷ್ಟು ಓದುತ್ತಿದ್ದರು ಎಂಬುದಕ್ಕೆ ಕಪಾಟು ಸಾಕ್ಷಿ ಹೇಳುವುದಿಲ್ಲ, ಏಕೆಂದರೆ ಕಪಾಟೇ ಇರಲಿಲ್ಲ. ಶ್ರಾವಣದಲ್ಲಿ ಗುಡಿಯಲ್ಲೋ ಮಠದಲ್ಲೋ ಒಬ್ಬರು ಪುರಾಣ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಓಣಿಗೆ ಓಣಿಯೇ ಕೂತು ಕೇಳುವುದು. ಪ್ರತಿ ಒಂದೇ, ಓದುಗರು ಇನ್ನೂರು. ಹೀಗೆ ಕೇಳಿ ಬೆಳೆದವರಿಗೆ ಕಥೆಯ ರುಚಿ ಯಾವ ವಿಮರ್ಶಕರಿಗಿಂತ ಕಡಿಮೆ ಇರಲಿಲ್ಲ. ಯಾವ ಪ್ರಸಂಗದಲ್ಲಿ ಶಾಸ್ತ್ರಿಗಳು ಅವಸರ ಮಾಡಿದರು ಎಂದು ಅಕ್ಷರ ಬಾರದ ಅಜ್ಜಿಯರು ಲೆಕ್ಕ ಇಟ್ಟಿರುತ್ತಿದ್ದರು.

ಅದರ ಜೊತೆಗೆ ನಾಟಕ. ಚಿಂದೋಡಿ ವೀರಪ್ಪನವರು ಕಟ್ಟಿ, ಮುಂದೆ ಚಿಂದೋಡಿ ಲೀಲಾ ಅವರು ನಾಡೆಲ್ಲ ತಿರುಗಿಸಿದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದು. ಕಂಪನಿ ನಾಟಕದ, ಆಮೇಲೆ ಸಿನಿಮಾದ ಪದಗಳ ಪುಸ್ತಿಕೆಗಳು ಗೇಟಿನ ಬಳಿಯೇ ಬಿಕರಿಯಾಗುತ್ತಿದ್ದವು. ತೆಳುವಾದ ಕಾಗದ, ಅಕ್ಷರ ತಪ್ಪುಗಳ ಜಾತ್ರೆ. ಆದರೂ ಬಡವರು ಜೇಬಿನಿಂದ ಕಾಸು ತೆಗೆದು ಕೊಂಡ ಮೊದಲ ಅಚ್ಚಿನ ಕನ್ನಡ ಬಹಳ ಮನೆಗಳಲ್ಲಿ ಅದೇ. ಸಾಹಿತ್ಯ ಚರಿತ್ರೆಯವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗದಗಿನ ಅಚ್ಚುಕೂಟಗಳಿಂದ ಬರುತ್ತಿದ್ದ ಬಯಲಾಟದ ಪುಸ್ತಕ, ವಚನದ ಕಟ್ಟು, ಸಣ್ಣ ನಿಘಂಟುಗಳನ್ನೂ ಹಿಡಿಯುವುದಿಲ್ಲ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗವನ್ನಂತೂ ಪುಸ್ತಕ ಎಂದೇ ಎಣಿಸುವುದಿಲ್ಲ. ವರ್ಷಕ್ಕೊಂದು ಪ್ರತಿ ತಪ್ಪದೆ ಕೊಂಡು, ವರ್ಷವಿಡೀ ತೆರೆದು ನೋಡುವ ಅಂಥ ಇನ್ನೊಂದು ಕನ್ನಡ ಪುಸ್ತಕ ಯಾವುದಿದೆ, ಹೇಳಿ?

ಇನ್ನು ಬಾಡಿಗೆ ಕಾದಂಬರಿ. ಅರವತ್ತು, ಎಪ್ಪತ್ತರ ದಶಕದ ಕನ್ನಡ ಓದನ್ನು ಕಟ್ಟಿದ್ದು ಪುಸ್ತಕದಂಗಡಿಯಲ್ಲ, ದಿನಕ್ಕೆ ಇಷ್ಟು ಪೈಸೆ ಎಂದು ಕಾದಂಬರಿ ಕೊಡುತ್ತಿದ್ದ ಬಾಡಿಗೆ ಲೈಬ್ರರಿಗಳು. ತಗಡಿನ ಶೀಟಿನ ಕೆಳಗೆ, ಕಿರಾಣಿ ಅಂಗಡಿಯ ಮಗ್ಗುಲಲ್ಲಿ, ಕಂದು ಕಾಗದದ ರಟ್ಟು ಹಾಕಿದ ಪುಸ್ತಕಗಳು. ತ್ರಿವೇಣಿ, ಎಂ.ಕೆ. ಇಂದಿರಾ, ಅನಕೃ, ಸಾಯಿಸುತೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ತ್ರಿವೇಣಿಯವರು ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳು ಮತ್ತೆ ಇಪ್ಪತ್ತು ವರ್ಷ ಈ ಅಂಗಡಿಗಳಲ್ಲಿ ಕೈ ಬದಲಾಯಿಸುತ್ತಲೇ ಇದ್ದವು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಪುಸ್ತಕ ಹಿಡಿದ ಹೆಣ್ಣುಮಗಳು ಸಂಜೆಯೊಳಗೆ ಮುಗಿಸಲೇಬೇಕು, ಇಲ್ಲದಿದ್ದರೆ ಎರಡನೆಯ ದಿನದ ಬಾಡಿಗೆ. ಆ ಪುಸ್ತಕ ಗಂಡನ ಕಣ್ಣಿಗೆ ಬೀಳುವ ಮುಂಚೆ ಪಕ್ಕದ ಮನೆಯಾಕೆ ಒಂದು ಕೈ ನೋಡಿ ಮುಗಿಸಿರುತ್ತಿದ್ದಳು. 1965ರಲ್ಲಿ ಬಂದ 'ಸುಧಾ' ವಾರಪತ್ರಿಕೆಯ ಕಥೆಯೂ ಇದೇ: ಒಂದು ಮನೆ ತರಿಸುತ್ತಿತ್ತು, ಐದು ಮನೆ ಓದುತ್ತಿದ್ದವು. ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ಹೊಲಿದು, ರಟ್ಟು ಹಾಕಿ ಕಾದಂಬರಿ ಮಾಡಿಕೊಂಡ ಅಮ್ಮಂದಿರು ಇಲ್ಲಿಯೇ ಇದ್ದೀರಿ. ನಿಮ್ಮ ಓದು ಯಾವ ಪ್ರಕಾಶಕರ ಲೆಡ್ಜರಿನಲ್ಲೂ ಇಲ್ಲ.

ಹಾಗಾದರೆ ಕೊಳ್ಳುವುದು ಎಲ್ಲಿಂದ ಶುರುವಾಯಿತು? ಯಾರೋ ಹೊತ್ತು ತಂದದ್ದರಿಂದ. ನಾನು ಅಲಂಕಾರಕ್ಕೆ ಹೀಗೆ ಹೇಳುತ್ತಿಲ್ಲ. ಹರಿಹರದ ಸೇತುವೆಯ ಕೆಳಗೆ ಹರಿದ ತುಂಗಭದ್ರೆ ಮುಂದೆ ವರದಾ ನದಿಯನ್ನು ಕೂಡುವ ಕಡೆ ಗಳಗನಾಥ ಎಂಬ ಊರಿದೆ. ಆ ಊರಿನ ಹೆಸರಿನಲ್ಲಿ ಬರೆದ ವೆಂಕಟೇಶ ತಿರಕೋ ಕುಲಕರ್ಣಿಯವರು ಕನ್ನಡಕ್ಕೆ ಕಾದಂಬರಿಯ ಹುಚ್ಚು ಹಿಡಿಸಿದವರಲ್ಲಿ ಮೊದಲಿಗರು. ಕೆಲಸದಲ್ಲಿ ಶಾಲಾ ಮಾಸ್ತರರು. ಬರೆದರು, ಅಚ್ಚು ಹಾಕಿಸಿದರು, ಆಮೇಲೆ ಗಂಟು ಕಟ್ಟಿ ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮುಂಬೈ ಕರ್ನಾಟಕದಲ್ಲಿ ಕನ್ನಡ ಕಾದಂಬರಿಗೆ ಓದುಗರಿದ್ದರು. ಮರಾಠಿ ಓದಿಗೆ ಪಳಗಿದ್ದ ನಾಲಿಗೆಗೆ ಕನ್ನಡದ ರುಚಿ ಹತ್ತಿಸಿದ್ದು ಆ ಗಂಟು.

ಗಳಗನಾಥರ ಹೆಗಲಿನ ಕೆಲಸವನ್ನು 1933ರಿಂದ ಧಾರವಾಡದ ಮನೋಹರ ಗ್ರಂಥಮಾಲೆ ಅಂಚೆಯವನ ಚೀಲಕ್ಕೆ ಹಾಕಿತು. ಮಾಲೆಯನ್ನು ಕಟ್ಟಿದ ಜಿ.ಬಿ. ಜೋಶಿಯವರ ಉಪಾಯ ಸರಳ: ಓದುಗ ಮುಂಗಡವಾಗಿ ವರ್ಷದ ಚಂದಾ ಕಟ್ಟಬೇಕು, ಪುಸ್ತಕ ಮನೆಗೆ ಬರುತ್ತದೆ. ಯಾವ ಪುಸ್ತಕ ಎಂದು ಕೇಳುವ ಹಾಗಿಲ್ಲ, ಮಾಲೆಯ ಮೇಲೆ ನಂಬಿಕೆ ಇಡಬೇಕು. ಈ ನಂಬಿಕೆಯಿಂದಲೇ ಹೊಸಬರ ಪುಸ್ತಕಗಳು ಬಂದವು. ಇಪ್ಪತ್ಮೂರು ವರ್ಷದ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ. ಹೊಸ ನಾಟಕಕಾರನೊಬ್ಬನ ಹೆಸರು ನೋಡಿ ಅಂಗಡಿಯಲ್ಲಿ ಯಾರು ಪುಸ್ತಕ ಎತ್ತುತ್ತಿದ್ದರು? ಹಳ್ಳಿಯ ಮಾಸ್ತರರು, ತಾಲ್ಲೂಕಿನ ವಕೀಲರು, ಬ್ಯಾಂಕಿನ ಗುಮಾಸ್ತರು ಓದಿದ್ದು ಅದು ಮನೆಗೆ ಬಂದುಬಿಟ್ಟಿತ್ತು ಎಂಬ ಕಾರಣಕ್ಕೆ. ನವ್ಯ ಸಾಹಿತ್ಯ ನಾಡಿನಲ್ಲಿ ಹಬ್ಬಿದ್ದರಲ್ಲಿ ಕುರ್ತಕೋಟಿಯವರ ವಿಮರ್ಶೆಯ ಪಾಲು ಎಷ್ಟೋ ಅಂಚೆಯಣ್ಣನ ಪಾಲೂ ಅಷ್ಟೇ ಎಂದು ನನ್ನ ಗುಮಾನಿ.

ಹರಿಹರದವರಿಗೆ ಇಲ್ಲೊಂದು ಮಾತು. 1941ರಲ್ಲಿ ನಿಮ್ಮೂರಿಗೆ ಮೈಸೂರು ಕಿರ್ಲೋಸ್ಕರ್ ಬಂತು, ಲೇತ್ ಯಂತ್ರಗಳಿಂದ ಊರಿಗೆ ಹೆಸರು ಬಂತು. ಅದೇ ಕಿರ್ಲೋಸ್ಕರ ಮನೆತನ ಮಹಾರಾಷ್ಟ್ರದಲ್ಲಿ 1920ರಿಂದಲೇ ಪತ್ರಿಕೆ ನಡೆಸುತ್ತಿತ್ತು. 'ಕಿರ್ಲೋಸ್ಕರ್', 1930ರಲ್ಲಿ 'ಸ್ತ್ರೀ', 1934ರಲ್ಲಿ 'ಮನೋಹರ್' ಮರಾಠಿ ಮಧ್ಯಮ ವರ್ಗದ ಹೆಣ್ಣುಮಕ್ಕಳನ್ನು ಓದುಗರನ್ನಾಗಿ ಮಾಡಿದವು. ನೇಗಿಲು, ಪಂಪು ಮಾರುವ ಜಾಲದಲ್ಲೇ ಪತ್ರಿಕೆಯೂ ಹಳ್ಳಿ ಮುಟ್ಟಬಹುದು ಎಂದು ಅವರಿಗೆ ಹೊಳೆದಿತ್ತು. ಹರಿಹರಕ್ಕೆ ಯಂತ್ರ ಬಂತು, ಪತ್ರಿಕೆ ಬರಲಿಲ್ಲ. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಎಪ್ಪತ್ತರ ದಶಕದಿಂದ ನೀಲಗಿರಿ ಮರ ಅರೆದು ತಿರುಳು ಮಾಡುತ್ತಾರೆ. ಆ ತಿರುಳೂ ಬಟ್ಟೆಯ ನಾರಾಗುತ್ತದೆಯೇ ಹೊರತು ಕಾಗದವಾಗುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಸುಮ್ಮನೆ ನೆನಪಾಯಿತು.

ದಾವಣಗೆರೆಯ ಗಿರಣಿಗಳ ಕಾಲದಲ್ಲಿ ಪುಸ್ತಕ ಇನ್ನೊಂದು ದಾರಿಯಿಂದ ಬಂತು. ಕಾಮ್ರೇಡ್ ಪಂಪಾಪತಿಯವರನ್ನು 1978, 1983, 1985 ಹೀಗೆ ಮೂರು ಸಲ ಭಾರತ ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಕಳಿಸಿದ ಊರು ಇದು. ಎಡಪಕ್ಷದ ಸಭೆ ಎಂದರೆ ಮೂಲೆಯಲ್ಲೊಂದು ಪುಸ್ತಕದ ಮೇಜು ಇದ್ದೇ ಇರುತ್ತಿತ್ತು. 1960ರಲ್ಲಿ ಹುಟ್ಟಿದ ನವಕರ್ನಾಟಕ ಪ್ರಕಾಶನ ಸೋವಿಯತ್ ಪುಸ್ತಕಗಳನ್ನು ನಂಬಲಾಗದ ಅಗ್ಗಕ್ಕೆ ಕೊಡುತ್ತಿತ್ತು. ಗಟ್ಟಿ ರಟ್ಟು, ಬಣ್ಣದ ಚಿತ್ರ, ಬೆಲೆ ನೋಡಿದರೆ ಮುದ್ರಣದೋಷವಿರಬೇಕು ಅನಿಸುವಷ್ಟು ಕಡಿಮೆ. ಗೋರ್ಕಿಯ 'ತಾಯಿ'ಯನ್ನು ಓದಿದವರೆಲ್ಲ ಮಾರ್ಕ್ಸ್‌ವಾದಿಗಳಾಗಲಿಲ್ಲ. ಮಕ್ಕಳಂತೂ ಚಿತ್ರ ನೋಡಲಿಕ್ಕೇ ಕೊಳ್ಳುತ್ತಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ಆ ಪುಸ್ತಕಗಳು ನಿಂತವು. ಗಿರಣಿಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಸಂಬಳದ ದಿನ ಎರಡು ರೂಪಾಯಿ ಪುಸ್ತಕಕ್ಕೆ ಎತ್ತಿಡುತ್ತಿದ್ದ ಕಾರ್ಮಿಕ ಓದುಗನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ನಮ್ಮ ಪುಸ್ತಕೋದ್ಯಮ ಕಳೆದುಕೊಂಡ ಅತಿ ದೊಡ್ಡ ಗಿರಾಕಿ ಅವನೇ ಎಂದು ನಾನು ತಿಳಿದಿದ್ದೇನೆ.

ಅಭಿರುಚಿಯ ಮಾತಿಗೆ ಬಂದರೆ, ಈ ಸೀಮೆಗೆ ಬೇಕಾದದ್ದು ಏನು ಎಂದು ತೋರಿಸಿಕೊಟ್ಟವರು ಇಲ್ಲಿಯವರೇ. ತ.ರಾ. ಸುಬ್ಬರಾಯರು ಹುಟ್ಟಿದ್ದು 1920ರಲ್ಲಿ, ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಚಿತ್ರದುರ್ಗದ ಪಾಳೆಯಗಾರರ ಮೇಲೆ ಒಂದರ ಹಿಂದೆ ಒಂದು ಕಾದಂಬರಿ ಬರೆದರು. ಕೊನೆಯದು 1982ರ 'ದುರ್ಗಾಸ್ತಮಾನ', ಅದಕ್ಕೆ 1985ರಲ್ಲಿ, ಅವರು ಹೋದ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಮರ್ಶಕರು ಮುಖ ಸೊಟ್ಟಗೆ ಮಾಡಿಕೊಂಡಿದ್ದಾಗಲೂ ನಮ್ಮ ಕಡೆಯ ಜನ ಅದನ್ನು ಕೊಂಡರು, ಇವತ್ತೂ ಕೊಳ್ಳುತ್ತಾರೆ. ಏಕೆಂದರೆ ಅದು ತಮ್ಮ ಕಲ್ಲು, ತಮ್ಮ ಕೋಟೆ, ತಮ್ಮ ಸೋಲು. ವರ್ಷಕ್ಕೆ ಬೇರೆ ಪುಸ್ತಕ ಮುಟ್ಟದ ಮನೆಯಲ್ಲೂ 'ದುರ್ಗಾಸ್ತಮಾನ' ಕಂಡಿದ್ದೇನೆ. ಇತ್ತೀಚಿನ ಉದಾಹರಣೆ ಬೇಕಾದರೆ 2019ರ ವಸುಧೇಂದ್ರರ 'ತೇಜೋ ತುಂಗಭದ್ರಾ'. ದಪ್ಪ ಪುಸ್ತಕ, ಐದು ಶತಮಾನದ ಹಿಂದಿನ ಕಥೆ, ಆದರೂ ಕಾಲೇಜು ಹುಡುಗರು ಕೊಂಡು ಓದಿದರು. ದಪ್ಪ ಪುಸ್ತಕ ಯಾರಿಗೂ ಬೇಡ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ. ಭೈರಪ್ಪನವರ 'ಆವರಣ' 2007ರಲ್ಲಿ ತಿಂಗಳುಗಳ ಅಂತರದಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡಾಗ ಅದರ ವಿಚಾರವನ್ನು ಒಪ್ಪದವರೂ ಜಗಳವಾಡುವುದಕ್ಕಾದರೂ ಒಂದು ಪ್ರತಿ ಕೊಂಡರು. ಜಗಳಕ್ಕೆ ಕೊಂಡದ್ದೂ ಕೊಂಡದ್ದೇ.

ಈಗ ಕಹಿಯಾದ ಭಾಗ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಕಟ್ಟುವ ಮನೆ ಕಂದಾಯದ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಅಂದರೆ ಈ ಸಭೆಯಲ್ಲಿ ಸ್ವಂತ ಮನೆ ಇರುವ ಪ್ರತಿಯೊಬ್ಬರೂ ಪ್ರತಿ ವರ್ಷ ಪುಸ್ತಕಕ್ಕೆ ದುಡ್ಡು ಕೊಡುತ್ತಿದ್ದೀರಿ, ನಿಮಗೆ ಗೊತ್ತಿಲ್ಲ ಅಷ್ಟೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಕರವನ್ನು ಗ್ರಂಥಾಲಯ ಇಲಾಖೆಗೆ ಕಟ್ಟದೆ ಬಾಕಿ ಉಳಿಸಿಕೊಳ್ಳುವ ದೂರು ಹಳೆಯದು. ಕಟ್ಟಿದ ಹಣದಲ್ಲಿ ಇಲಾಖೆ ಸಗಟು ಖರೀದಿ ಮಾಡುತ್ತದೆ. ಆಯ್ಕೆಯಾದ ಪುಸ್ತಕದ 300 ಪ್ರತಿ, ಪುಟಕ್ಕೆ ಇಷ್ಟು ಪೈಸೆ ಎಂಬ ದರದಲ್ಲಿ. ಒಳ್ಳೆಯ ಉದ್ದೇಶದ ಯೋಜನೆ, ಎಷ್ಟೋ ಕವನ ಸಂಕಲನಗಳಿಗೆ, ಸಂಶೋಧನಾ ಗ್ರಂಥಗಳಿಗೆ ಅದೇ ಉಸಿರು. ಆದರೆ ಅದು ಪ್ರಕಾಶಕರ ಮುಖವನ್ನು ಓದುಗನಿಂದ ಬೆಂಗಳೂರಿನ ಕಚೇರಿಯ ಕಡೆಗೆ ತಿರುಗಿಸಿತು. ಇಲಾಖೆಗೆ 300 ಪ್ರತಿ ಹೋದರೆ ಖರ್ಚು ಹುಟ್ಟುತ್ತದೆ, ಉಳಿದದ್ದನ್ನು ಗೌರವ ಪ್ರತಿ ಎಂದು ಹಂಚಿದರಾಯಿತು. ದಾವಣಗೆರೆಯ ಅಂಗಡಿಗೆ ಐದು ಪ್ರತಿ ಕಳಿಸುವ ತೊಂದರೆ ಯಾರಿಗೆ ಬೇಕು? ಪುಟದ ಲೆಕ್ಕದಲ್ಲಿ ದುಡ್ಡು ಬರುವುದರಿಂದ ಅಕ್ಷರ ದೊಡ್ಡದಾಗುತ್ತದೆ, ಅಂಚು ಅಗಲವಾಗುತ್ತದೆ, ನೂರು ಪುಟದ ಮಾತು ನೂರೈವತ್ತು ಪುಟಕ್ಕೆ ಉಬ್ಬುತ್ತದೆ. ಖರೀದಿ ನಿಂತ ವರ್ಷ ಪ್ರಕಾಶಕರು ಅಳುತ್ತಾರೆ. ಓದುಗ ನಿಂತುಹೋದಾಗ ಅಷ್ಟು ಜೋರಾಗಿ ಅತ್ತದ್ದನ್ನು ನಾನು ಕೇಳಿಲ್ಲ.

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಒಂದು ಕಾಲಕ್ಕೆ ಕನ್ನಡ ಪುಸ್ತಕದ ಸಾಮಾನ್ಯ ಮುದ್ರಣ ಸಾವಿರ ಪ್ರತಿ, ಈಗ ಐದುನೂರು, ಕೆಲವರದು ಬೇಡಿಕೆ ಬಂದಷ್ಟೇ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕನ್ನಡಿಗರಿಗೆ ಓದಿನ ಹಸಿವೇ ಇಲ್ಲ ಎಂದು ತೀರ್ಪು ಕೊಡುವುದು ಸುಲಭ. ಅದೇ ವೇಳೆಗೆ ನಮ್ಮೂರಿನ ಅಂಗಡಿಗಳಲ್ಲಿ ಯಾವ ಪುಸ್ತಕಗಳ ಮುಂದೆ ಜನ ನಿಂತಿದ್ದಾರೆ ನೋಡಿ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಶುರುವಾದಾಗಿನಿಂದ ದಾವಣಗೆರೆ ಕಾಲೇಜುಗಳ ಊರು. ಜೂನ್ ತಿಂಗಳಲ್ಲಿ ಗೈಡು, ನೀಟ್, ಸಿಇಟಿ, ಕೆಪಿಎಸ್‌ಸಿ, ಪೊಲೀಸ್ ಪೇದೆ ಪರೀಕ್ಷೆಯ ಪುಸ್ತಕಗಳ ರಾಶಿ. ನಗರ ಕೇಂದ್ರ ಗ್ರಂಥಾಲಯದ ಮೇಜುಗಳಲ್ಲಿ ಬೆಳಿಗ್ಗೆಯೇ ಜಾಗ ಹಿಡಿಯುವ ಯುವಕರು ಓದುವುದು ಅದನ್ನೇ. ಇದು ನಮ್ಮೂರಿನ ವಿಶೇಷವೇನಲ್ಲ, ದೇಶದಲ್ಲೆಲ್ಲ ಪುಸ್ತಕ ವ್ಯಾಪಾರದ ಸಿಂಹಪಾಲು ಪಠ್ಯ ಮತ್ತು ಪರೀಕ್ಷೆಯದೇ. ನ್ಯಾಷನಲ್ ಬುಕ್ ಟ್ರಸ್ಟ್ 2009ರಲ್ಲಿ ಮಾಡಿಸಿದ ಯುವಜನರ ಸಮೀಕ್ಷೆಯಲ್ಲಿ ಪಠ್ಯದ ಹೊರಗೆ ಪುಸ್ತಕ ಓದುತ್ತೇವೆ ಎಂದವರು ಅಕ್ಷರಸ್ಥ ಯುವಜನರಲ್ಲಿ ಸುಮಾರು ಕಾಲುಭಾಗ. ಉಳಿದ ಮುಕ್ಕಾಲು ಭಾಗವನ್ನು ನಾವು ಸೋಮಾರಿಗಳೆಂದು ಕರೆಯುವಂತಿಲ್ಲ. ಹದಿನಾಲ್ಕು ಗಂಟೆ ಓದುವ ಹುಡುಗಿಗೆ ಓದಿನ ಅಭ್ಯಾಸ ಇಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ. ಕೆಲಸ ಸಿಕ್ಕ ಮರುದಿನ ಆಕೆ ಆ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರಿಬಿಡುತ್ತಾಳೆ. ಆಮೇಲೆ ಬೇರೆ ಪುಸ್ತಕ ಆಕೆಯ ಕಣ್ಣಿಗೆ ಬೀಳುವುದು ಎಲ್ಲಿ?

ಕೊಂಡು ಓದದ ಪುಸ್ತಕವೂ ಇದೆ, ಅದಕ್ಕೆ ಉಡುಗೊರೆ ಎಂದು ಹೆಸರು. ಸರ್ಕಾರಿ ಸಭೆಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟಿನಲ್ಲಿ ಸುತ್ತೋಲೆ ಬಂತು. 2023ರಲ್ಲಿ ಮುಖ್ಯಮಂತ್ರಿಗಳೂ ಹಾರದ ಬದಲು ಪುಸ್ತಕ ಕೊಡಿ ಎಂದರು. ಅಂದಿನಿಂದ ಮುಖ್ಯ ಅತಿಥಿಗಳ ಕಾರಿನ ಹಿಂದಿನ ಸೀಟಿನಲ್ಲಿ ಮಂಕುತಿಮ್ಮನ ಕಗ್ಗದ ಪ್ರತಿಗಳು ಸಾಲಾಗಿ ಕೂತಿರುತ್ತವೆ. ಡಿ.ವಿ.ಜಿ.ಯವರು 1943ರಲ್ಲಿ ಪ್ರಕಟಿಸಿದ ಆ ಪುಸ್ತಕ ಮದುವೆ, ನಿವೃತ್ತಿ, ಗೃಹಪ್ರವೇಶ ಎಲ್ಲಕ್ಕೂ ಸಲ್ಲುತ್ತದೆ. ಒಂದೇ ಮನೆಯಲ್ಲಿ ನಾಲ್ಕು ಪ್ರತಿ, ನಾಲ್ಕೂ ಪ್ಲಾಸ್ಟಿಕ್ ಹೊದಿಕೆಯೊಳಗೆ. ಪ್ರಕಾಶಕರಿಗೆ ಲಾಭ, ಬೇಡ ಎನ್ನಲಾರೆ.

ಸಾಹಿತ್ಯ ಸಮ್ಮೇಳನದ ಮಳಿಗೆಗಳ ಮುಂದಿನ ನೂಕುನುಗ್ಗಲನ್ನು ನಾನು ಆ ಉಡುಗೊರೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. 1922ರಲ್ಲಿ ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿನ ತಾತಯ್ಯನವರು, ಅಧ್ಯಕ್ಷರಾಗಿದ್ದ 8ನೆಯ ಸಮ್ಮೇಳನವೂ 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯ 61ನೆಯದೂ ನಮ್ಮೂರಿನಲ್ಲೇ ನಡೆದವು. 2023ರ ಜನವರಿಯಲ್ಲಿ ಪಕ್ಕದ ಹಾವೇರಿಗೆ ಸಮ್ಮೇಳನ ಬಂದಾಗ ಹರಿಹರದಿಂದ ಬಸ್ಸು ಹತ್ತಿ ಹೋದವರು ಗೋಷ್ಠಿಯಲ್ಲಿ ಕೂತದ್ದಕ್ಕಿಂತ ಮಳಿಗೆಯಲ್ಲಿ ನಿಂತದ್ದೇ ಹೆಚ್ಚು. ರೈತ ಹೆಣ್ಣುಮಕ್ಕಳು ಸೆರಗಿನ ಗಂಟು ಬಿಚ್ಚಿ ಮಕ್ಕಳಿಗೆ ಪುಸ್ತಕ ಕೊಡಿಸಿದರು, ಎಷ್ಟು ಪರ್ಸೆಂಟ್ ಬಿಡುತ್ತೀರಿ ಎಂದು ಚೌಕಾಸಿ ಮಾಡಿದರು. ಅದೇ ಜನ ವರ್ಷದ ಉಳಿದ ದಿನ ಕೊಳ್ಳುವುದಿಲ್ಲ ಎಂದರೆ ಉಳಿದ ದಿನ ಮಳಿಗೆ ಇಲ್ಲ ಎಂದರ್ಥ. ರಾಜನಹಳ್ಳಿಯ ವಾಲ್ಮೀಕಿ ಜಾತ್ರೆ ಇದೆ, ದಾವಣಗೆರೆಗೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಇದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಬಳೆಯಂಗಡಿಯ ಸಾಲಿಗೆ ಪುಸ್ತಕದ ಸಾಲು ಏಕೆ ಸಮನಾಗಬಾರದು?

ಈಗ ಎಲ್ಲ ಆನ್‌ಲೈನಿನಲ್ಲಿ ಸಿಗುತ್ತದಲ್ಲ ಎನ್ನುತ್ತೀರಿ. ಸಿಗುತ್ತದೆ, ಏನು ಬೇಕೆಂದು ಮೊದಲೇ ಗೊತ್ತಿರುವವರಿಗೆ. ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹೆಸರು ಮನೆಮನೆಗೆ ತಿಳಿಯಿತು, ಜನ ಕೇಳಿಕೊಂಡು ಹೋದರು. ಹೆಸರು ಟಿವಿಯಲ್ಲಿ ಬಾರದ ಲೇಖಕರ ಪಾಡೇನು? ಸಣ್ಣ ಪ್ರಕಾಶಕರು ವಾಟ್ಸಾಪಿನಲ್ಲಿ ಮುಖಪುಟ ಕಳಿಸಿ, ಫೋನ್‌ಪೇಯಲ್ಲಿ ದುಡ್ಡು ತರಿಸಿಕೊಂಡು, ಅಂಚೆಯಲ್ಲಿ ಪುಸ್ತಕ ಕಳಿಸುವ ಹೊಸ ದಾರಿ ಹಿಡಿದಿದ್ದರು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳ ರಿಯಾಯಿತಿ ರಿಜಿಸ್ಟರ್ಡ್ ಸೇವೆಯನ್ನು ಏಕಾಏಕಿ ತೆಗೆದುಹಾಕಿತು. ಕೂಗು ಎದ್ದ ಮೇಲೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂದು ಇನ್ನೊಂದು ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100, ಜೊತೆಗೆ ತೆರಿಗೆ. ಈ ದರವನ್ನು ಬರೆದುಕೊಳ್ಳಿ, ಮುಂದೆ ನಾನು ಹೇಳುವುದಕ್ಕೆ ಬೇಕಾಗುತ್ತದೆ.

ಮನೋಹರ ಗ್ರಂಥಮಾಲೆಯ ಆ ಚಂದಾ ಉಪಾಯವನ್ನೇ ಮತ್ತೆ ಹಿಡಿಯೋಣ. ಕರ್ನಾಟಕದಲ್ಲಿ 31 ಜಿಲ್ಲೆಗಳಿವೆ. ಒಂದೊಂದು ಜಿಲ್ಲೆಯಲ್ಲಿ ಮೂವತ್ತು ಜನ ಚಂದಾದಾರರು ಸಿಕ್ಕರೆ 930 ಪ್ರತಿ. ಒಂದು ಪೂರ್ತಿ ಮುದ್ರಣ, ಯಾವ ಕಚೇರಿಯ ಬಾಗಿಲೂ ಕಾಯದೆ. 2011ರ ಗಣತಿಯಲ್ಲೇ ಜನಸಂಖ್ಯೆ ನಾಲ್ಕು ಲಕ್ಷ ಮೂವತ್ತು ಸಾವಿರ ದಾಟಿದ ದಾವಣಗೆರೆಯಲ್ಲಿ, ಎಂಬತ್ತು ಸಾವಿರ ದಾಟಿದ ಹರಿಹರದಲ್ಲಿ ಮೂವತ್ತು ಜನ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಈ ಸಭೆಯ ತಲೆ ಎಣಿಸಲಿ. ವರ್ಷಕ್ಕೆ ಆರು ಪುಸ್ತಕ, ಆರನ್ನೂ ಆರಿಸುವವರು ನಮ್ಮವರೇ ಮೂವರು, ಅವರಲ್ಲಿ ಒಬ್ಬರಾದರೂ ಮೂವತ್ತು ವರ್ಷದೊಳಗಿನವರು, ಒಬ್ಬರಾದರೂ ಹೆಣ್ಣುಮಗಳು. ಒಂದಾದರೂ ಪುಸ್ತಕ ನಮಗೆ ಹಿಡಿಸದಿರಲಿ, ಇಲ್ಲದಿದ್ದರೆ ಆರಿಸುವವರು ಭಯಪಡುತ್ತಿದ್ದಾರೆ ಎಂದರ್ಥ. ಪ್ರಕಾಶಕರು ಮೂವತ್ತು ಪ್ರತಿಯ ಕಟ್ಟನ್ನು ಊರಿಗೆ ಒಟ್ಟಿಗೆ ಕಳಿಸಿದರೆ, ಕಟ್ಟು 5 ಕೆ.ಜಿ. ಮೀರದಿದ್ದರೆ, ಜ್ಞಾನ ಪೋಸ್ಟ್ ದರದಲ್ಲಿ ತಲೆಗೆ ಅಂಚೆವೆಚ್ಚ ನಾಲ್ಕೈದು ರೂಪಾಯಿಗೆ ಇಳಿಯುತ್ತದೆ. ಕಟ್ಟು ಬಂದ ಮೇಲೆ ಮನೆಗೆ ಮುಟ್ಟಿಸುವ ಕೆಲಸ ನಸುಕಿನಲ್ಲಿ ಪೇಪರ್ ಹಾಕುವ ಹುಡುಗರದು. ಯಾವ ಮನೆಯ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕಂಪನಿಗೂ ಗೊತ್ತಿಲ್ಲ. ಅವರಿಗೆ ಪುಸ್ತಕವೊಂದಕ್ಕೆ ಎಷ್ಟು ಕಮಿಷನ್ ಕೊಡಬೇಕು ಎಂಬುದೊಂದು ಉಳಿದಿದೆ. ಹತ್ತು ರೂಪಾಯಿ ಎಂದು ನನ್ನ ಸಲಹೆ. ಪತ್ರಿಕಾ ಏಜೆಂಟರು ಇಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಹದಿನೈದಕ್ಕೆ ಕಡಿಮೆ ಆಗುವುದಿಲ್ಲ ಎಂದು ಅವರ ಮುಖ ಹೇಳುತ್ತಿದೆ. ಸಭೆ ಮುಗಿದ ಮೇಲೆ ಚಹಾ ಇದೆಯಂತೆ. ಅಲ್ಲಿ ಮಾತಾಡೋಣ.